ಬೇಟೆಯ ಗಾಡಿಯಲ್ಲಿ ಕುಬಸದ ಗಂಟು

ಕಳೆದ ತಿಂಗಳು ಧಾರವಾಡದ ಮಾರ್ಕೆಟ್ಟಿಗೆ ಚಪ್ಪಲಿ ಕೊಳ್ಳಲು ಹೋಗಿದ್ದೆ. ಅಂಗಡಿಯವನು ಒಳಗಿನಿಂದ ಹೊಸ ಮಾಲಿನ ಪೆಟ್ಟಿಗೆ ತಂದು ಮುಚ್ಚಳ ತೆಗೆದ. ಹಸಿ ಚರ್ಮದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಧಾರವಾಡದಲ್ಲಿ ಇರಲಿಲ್ಲ. ಕುವೈತಿನ ಅರ್ದಿಯಾದಲ್ಲಿ, ಗೋದಾಮುಗಳ ನಡುವಿನ ಆ ಆಫೀಸಿನಲ್ಲಿ, ನನ್ನ ಹಳೆಯ ಕುರ್ಚಿಯ ಮೇಲಿದ್ದೆ. ಕುರ್ಚಿಯ ಹಿಂದಿನ ಕಪಾಟಿನಲ್ಲಿ ಬೇಟೆಗಿಡುಗಗಳ ಕಣ್ಣು ಮುಚ್ಚುವ ಚರ್ಮದ ಟೊಪ್ಪಿಗೆ, ದಪ್ಪನೆಯ ಕೈಗವಸು, ಕಾಲಿಗೆ ಕಟ್ಟುವ ಪಟ್ಟಿಗಳು ಇರುತ್ತಿದ್ದವು. ಬಾಗಿಲು ತೆಗೆದಾಗೆಲ್ಲ ಇದೇ ವಾಸನೆ. ಚಪ್ಪಲಿ ಕೊಳ್ಳಲಿಲ್ಲ. ಮನೆಗೆ ಬಂದು ಅಡುಗೆಮನೆಗೂ ಪಡಸಾಲೆಗೂ ಸುಮ್ಮನೆ ಓಡಾಡಿದೆ. ಮೊದಲಿನಿಂದಲೂ ನಾನು ಹೀಗೇ, ಮನಸ್ಸಿಗೆ ಏನಾದರೂ ಹತ್ತಿದರೆ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಅವ್ವ ಬದುಕಿದ್ದಾಗ, ಈಕೆ ಹುಟ್ಟುವಾಗಲೇ ಕಾಲಿಗೆ ಚಕ್ರ ಕಟ್ಟಿಕೊಂಡು ಬಂದಾಳೆ ಎನ್ನುತ್ತಿದ್ದಳು.

ಆ ಚಕ್ರದ ಕಾಲಿನವಳು ಕುವೈತಿನಲ್ಲಿ ಕೂತು ಬೇರೆಯವರ ಪ್ರಯಾಣ ಹೊಂದಿಸುವ ಕೆಲಸಕ್ಕೆ ಸೇರಿದ್ದೆ. ಕಾಗದದ ಮೇಲೆ ನನ್ನ ಕೆಲಸ ವಾಹನಗಳ ಬಿಡಿಭಾಗ ತರಿಸುವ ಕಂಪನಿಯಲ್ಲಿ ಸೆಕ್ರೆಟರಿ. ವ್ಯಾಪಾರವನ್ನೆಲ್ಲ ಮಾಲೀಕರ ಮಗ ನೋಡಿಕೊಳ್ಳುತ್ತಿದ್ದ. ಮಾಲೀಕರು, ನಾವೆಲ್ಲ ಅಬು ನಾಸಿರ್ ಎಂದು ಕರೆಯುತ್ತಿದ್ದ ಹಿರಿಯರು, ಬೇಟೆ ನೋಡಿಕೊಳ್ಳುತ್ತಿದ್ದರು. ಹರೆಯದಲ್ಲಿ ಮುಂಬಯಿಯಲ್ಲಿ ಕೆಲವು ವರ್ಷ ವ್ಯಾಪಾರ ಮಾಡಿದವರು, ಹಾಗಾಗಿ ನನ್ನ ಜೊತೆ ಹಿಂದಿಯಲ್ಲೇ ಮಾತು. ಚಳಿಗಾಲ ಬಂತೆಂದರೆ ಅವರಿಗೆ ವಾರವೆಲ್ಲ ಚಡಪಡಿಕೆ. ಹುಬಾರಾ ಎಂಬ ಹಕ್ಕಿಯ ಮೇಲೆ ಕಣ್ಣು. ಹುಬಾರಾ ಎಂದರೆ ಕೋಳಿಗಿಂತ ದೊಡ್ಡದಾದ, ಹಾರುವುದಕ್ಕಿಂತ ನಡೆಯುವುದನ್ನೇ ಇಷ್ಟಪಡುವ ಮರಳುಬಣ್ಣದ ಹಕ್ಕಿ. ನಮ್ಮ ಎರೆಹೊಲಗಳಲ್ಲಿ ಅಜ್ಜನ ಕಾಲಕ್ಕೆ ಕಾಣುತ್ತಿತ್ತಂತಲ್ಲ ಎರೆಭೂತ, ಅದರ ಸಣ್ಣ ತಮ್ಮ ಅನ್ನಬಹುದು. ಕುವೈತಿನಲ್ಲಿ ಅದು ಸಿಗುವ ಕಾಲ ಮುಗಿದಿತ್ತು. ಗಡಿ ದಾಟಿ ಸೌದಿಗೆ ಹೋಗಬೇಕು. ಅಲ್ಲಿ ನುಐರಿಯಾ ಎಂಬ ಊರಿನ ಆಚೆ ಅಬು ನಾಸಿರ್ ಅವರ ಗೆಳೆಯರೊಬ್ಬರ ಜಾಗವಿತ್ತು. ಪರವಾನಗಿ ಇತ್ಯಾದಿ ಅವರದೇ. ವಾರದ ರಜೆಯೊಳಗೆ ಹೋಗಿ, ಬೇಟೆಯಾಡಿ, ತಿರುಗಿ ಬರಬೇಕು.

ಈ ಎರಡು ದಿನದ ಸಂಭ್ರಮಕ್ಕೆ ನಾನು ಐದು ದಿನ ಒದ್ದಾಡುತ್ತಿದ್ದೆ. ಗಾಡಿಗಳು ಯಾವುವು, ಯಾರ ಹೆಸರಿನಲ್ಲಿವೆ, ಗಡಿಯ ವಿಮೆ ಆಗಿದೆಯೇ, ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಧೂಳು ಏಳುತ್ತದೆಯೇ, ಸೌದೆ ಎಷ್ಟು, ನೀರು ಎಷ್ಟು, ಗಿಡುಗಗಳಿಗೆ ತಿನ್ನಲು ಪಾರಿವಾಳ ಎಷ್ಟು. ಗಿಡುಗಗಳಿಗೂ ಪಾಸ್‌ಪೋರ್ಟ್ ಇತ್ತು, ಸುಳ್ಳಲ್ಲ. ನನ್ನ ಪಾಸ್‌ಪೋರ್ಟ್ ಕಂಪನಿಯ ತಿಜೋರಿಯಲ್ಲಿ, ಗಿಡುಗಗಳದು ನನ್ನ ಮೇಜಿನ ಡ್ರಾಯರಿನಲ್ಲಿ. ನಮ್ಮ ಮನೆಯವರು ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ಟೆಕ್ನಿಶಿಯನ್. ಫರ್ವಾನಿಯಾದ ಮನೆಗೆ ಸುಸ್ತಾಗಿ ಬಂದರೂ ನನ್ನನ್ನು ಕಾಡಿಸಲು ಅವರಿಗೆ ಶಕ್ತಿ ಇರುತ್ತಿತ್ತು. ಕೊರಳಾಗ ಲಿಂಗ ಕಟ್ಟಿಕೊಂಡಾಕಿ ಬೇಟೆಗೆ ಮುಹೂರ್ತ ಇಡತಾಳ ಎಂದು ಬಂದವರೆದುರು ಹೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅಷ್ಟೆಲ್ಲ ಗುದ್ದಾಡಿದರೂ ಹೆಚ್ಚಿನ ವಾರ ಅವರಿಗೆ ಒಂದು ಹಕ್ಕಿಯೂ ಸಿಗುತ್ತಿರಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದರು ಎಂದಾದರೂ ಅನ್ನೋಣವೆಂದರೆ ಇಲಿಯೂ ಇಲ್ಲ. ಆದರೂ ಭಾನುವಾರ ಅಬು ನಾಸಿರ್ ಮುಖದ ತುಂಬ ಬಿಸಿಲು ಹೊತ್ತುಕೊಂಡು ಬಂದು, ಮುಂದಿನ ವಾರ ಎಲ್ಲಿಗೆ ಎಂದು ಕೇಳುತ್ತಿದ್ದರು.

ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಆ ಹಕ್ಕಿಯ ಮೇಲೆ ನನಗೇನೂ ಆಸೆ ಇರಲಿಲ್ಲ. ಅವರು ದಾಟುತ್ತಿದ್ದ ಗಡಿಯ ಆಚೆ, ಜುಬೈಲಿನಲ್ಲಿ, ನನ್ನ ತಂಗಿ ಸುಧಾ ಇದ್ದಳು. ಅವಳ ಗಂಡ ಮಹಾಂತೇಶ ಅಲ್ಲಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ನಮ್ಮ ಮನೆಯಿಂದ ಅವಳ ಮನೆಗೆ ಧಾರವಾಡದಿಂದ ಬೆಂಗಳೂರಿಗೆ ಇರುವಷ್ಟೂ ದೂರವಿಲ್ಲ. ಆದರೆ ನನಗೆ ಅಲ್ಲಿನ ವೀಸಾ ಸಿಗುವಂತಿರಲಿಲ್ಲ. ಅವಳು ಈ ಕಡೆ ಬರುವಂತೆಯೂ ಇರಲಿಲ್ಲ. ಎರಡು ಸಲ ಬಸಿರು ನಿಲ್ಲದೆ ಹೋಗಿ, ಮೂರನೆಯದು ನಿಂತಿತ್ತು. ವಿಮಾನ ಹತ್ತಬೇಡ, ಕುಲುಕಾಡಬೇಡ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಊರಿಗೆ ಹೋದರೂ ಅಲ್ಲಿ ಯಾರಿದ್ದಾರೆ? ಅವ್ವ ಹೋಗಿ ವರ್ಷಗಳಾಗಿದ್ದವು. ಅಪ್ಪ ಚಿಕ್ಕಪ್ಪನ ಮನೆಯಲ್ಲಿ ಇದ್ದರು. ಸುಧಾಳಿಗೆ ತವರು ಎಂದರೆ ಫರ್ವಾನಿಯಾದ ಮೂರನೆಯ ಮಹಡಿಯಲ್ಲಿದ್ದ ನಾನೇ.

ಏಳು ತಿಂಗಳಿಗೆ ಬಿತ್ತು. ನಮ್ಮ ಕಡೆ ಬಸುರಿಗೆ ತವರಿನವರು ಕುಬಸ ಮಾಡಬೇಕು. ಹಸಿರು ಸೀರೆ, ಹಸಿರು ಬಳೆ, ಕುಬಸದ ಖಣ ಕೊಟ್ಟು, ಸೆರಗಿನಲ್ಲಿ ಉಡಿ ತುಂಬಿ, ಬಯಸಿದ್ದನ್ನು ತಿನ್ನಿಸಬೇಕು. ಎರಡು ಸಲ ಆ ಘಳಿಗೆಗೆ ಮುಟ್ಟದೇ ಹೋದವಳು ಅವಳು. ಫೋನಿನಲ್ಲಿ ಬೇಡ ಅಕ್ಕ, ಇಲ್ಲಿ ಅದೆಲ್ಲ ಯಾರು ನೋಡುತ್ತಾರೆ ಎನ್ನುತ್ತಿದ್ದಳು. ಅವಳು ಬೇಡ ಎನ್ನುವ ರೀತಿಯಲ್ಲೇ ಅವಳಿಗೆ ಎಷ್ಟು ಬೇಕಾಗಿದೆ ಎಂದು ತಿಳಿಯುತ್ತಿತ್ತು.

ಆ ವರ್ಷವೇ ಕುವೈತಿನಲ್ಲಿ ವಾರದ ರಜೆ ಬದಲಾಗಿತ್ತು. ಗುರುವಾರ, ಶುಕ್ರವಾರ ಇದ್ದದ್ದು ಶುಕ್ರವಾರ, ಶನಿವಾರ ಆಯಿತು. ಸೌದಿಯಲ್ಲಿ ಹಳೆಯದೇ ಉಳಿಯಿತು. ಎರಡೂ ಕಡೆಗೆ ಸಾಮಾನ್ಯವಾಗಿ ಉಳಿದದ್ದು ಶುಕ್ರವಾರ ಮಾತ್ರ. ಬೇಟೆಯ ಡೇರೆಗೆ ರೊಟ್ಟಿ, ಐಸು, ನೀರು ತರಲು ಅಡುಗೆಯ ಹಮೀದಣ್ಣ ನುಐರಿಯಾದ ಸಂತೆಗೆ ಹೋಗುವುದು ಮೊದಲು ಯಾವಾಗಲೋ ಇರುತ್ತಿತ್ತು. ನಾನು ಅದನ್ನು ಶುಕ್ರವಾರದ ನಮಾಜಿನ ನಂತರ ಎಂದು ಗಟ್ಟಿ ಮಾಡಿದೆ. ಮಹಾಂತೇಶನಿಗೂ ಅಂದೇ ರಜೆ, ಅವನು ಸುಧಾಳನ್ನು ನಿಧಾನಕ್ಕೆ ಕಾರಿನಲ್ಲಿ ಆ ಸಂತೆಗೆ ಕರೆತರಬಹುದು. ಅಬು ನಾಸಿರ್ ನನ್ನ ಯೋಜನೆ ನೋಡಿ, ಶಾಬಾಷ್, ಹಬ್ಬದ ಹಾಗೆ ಹೊಂದಿಸಿದ್ದೀಯ ಎಂದರು. ಹಬ್ಬ ಯಾರದೆಂದು ನಾನು ಹೇಳಲಿಲ್ಲ.

ಹಮೀದಣ್ಣ ಬಂಟ್ವಾಳದ ಕಡೆಯ ಬ್ಯಾರಿ. ಅಬು ನಾಸಿರ್ ಮನೆಯ ಡ್ರೈವರ್, ಬೇಟೆಗೆ ಹೋದರೆ ಅಡುಗೆಯೂ ಅವನದೇ. ಹಿಂದೊಮ್ಮೆ ಅವನ ಕೈಯಲ್ಲೇ ಸುಧಾಳಿಗೆ ಶೇಂಗಾ ಚಟ್ನಿ, ಖಡಕ್ ರೊಟ್ಟಿ ಕಳಿಸಿದ್ದೆ. ಏನೊಂದೂ ಕೇಳದೆ ಒಯ್ದು ಕೊಟ್ಟಿದ್ದ. ಈ ಸಲ ಗಂಟು ದೊಡ್ಡದೆಂದೆ. ದೊಡ್ಡದಾದರೆ ಏನಂತೆ, ಪಾರಿವಾಳಗಳ ಪಕ್ಕ ಇಡುತ್ತೇನೆ ಎಂದ.

ಇಳಕಲ್ ಸೀರೆ ನನ್ನ ಪೆಟ್ಟಿಗೆಯಲ್ಲೇ ಇತ್ತು, ಅವ್ವ ಉಟ್ಟದ್ದು ಎರಡೇ ಸಲ. ಗಾಜಿನ ಬಳೆಗಳನ್ನು ಹತ್ತಿಯಲ್ಲಿ ಸುತ್ತಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ಉತ್ತತ್ತಿ, ಅಡಿಕೆ ಎಲ್ಲ ಕೂಡಿಸಿದೆ. ಇನ್ನು ಉಂಡಿ. ಕುಬಸಕ್ಕೆ ಅಂಟಿನ ಉಂಡಿ ಇಲ್ಲದಿದ್ದರೆ ಹೇಗೆ? ಕೆಳಗಿನ ಮನೆಯ ಸಾವಿತ್ರಕ್ಕ ಬಾಗಲಕೋಟೆಯವಳು, ಗಂಡನ ಜೊತೆ ಕುವೈತಿಗೆ ಬಂದು ಕೆಲವೇ ತಿಂಗಳಾಗಿತ್ತು. ಅವಳ ಗಂಡ ಆಗಷ್ಟೇ ಊರಿಗೆ ಹೋಗಿ ಬಂದಿದ್ದ. ಅತ್ತೆ ಕಳಿಸಿದ್ದ ಡಬ್ಬಿ ತುಂಬ ಉಂಡಿಯನ್ನು ಸಾವಿತ್ರಕ್ಕ ನನ್ನ ಕೈಗಿಟ್ಟು, ಬಸುರಿ ತಿಂದರೆ ನನ್ನ ಮನೆಯಲ್ಲೂ ತೊಟ್ಟಿಲು ತೂಗೀತು ಎಂದಳು. ನನ್ನ ಕಣ್ಣು ತುಂಬಿ ಬಂತು. ಡಬ್ಬಿಯನ್ನು ಸೀರೆಯ ನಡುವೆ ಮೆತ್ತಗೆ ಇಟ್ಟು ಗಂಟು ಕಟ್ಟಿದೆ.

ಗುರುವಾರ ಮಧ್ಯಾಹ್ನ ಗಾಡಿಗಳು ಅರ್ದಿಯಾದಿಂದ ಹೊರಟವು. ದಾರಿಯಲ್ಲಿ ಖೈರಾನಿನ ಕಡಲ ದಂಡೆಯಲ್ಲಿ ಅಬು ನಾಸಿರ್ ಅವರ ಇನ್ನೊಂದು ಮನೆ ಇತ್ತು. ಅಲ್ಲಿ ಗೆಳೆಯರೆಲ್ಲ ಸೇರಿ, ಉಂಡು, ಸಂಜೆಯ ನಮಾಜು ಮುಗಿಸಿ ಗಡಿಗೆ ಹೋಗುವುದು ರೂಢಿ. ನಾನು ಆಫೀಸು ಮುಗಿಸಿ ಮನೆಗೆ ಬಂದೆ. ಮನಸ್ಸು ಎಷ್ಟು ಹಗುರಾಗಿತ್ತೆಂದರೆ, ಸಾವಿತ್ರಕ್ಕನನ್ನು ಕರೆದು ಚಹಾ ಮಾಡಿಕೊಟ್ಟೆ. ಅವಳು ಚಹಾ ಕುಡಿಯುತ್ತ ಅತ್ತೆಯ ಉಂಡಿಯ ಸುದ್ದಿ ತೆಗೆದಳು.

“ಈ ಸಲ ಗಸಗಸಿ ಮುಂದಾಗಿ ಹಾಕ್ಯಾರ ನೋಡ್ರಿ. ಬಸರಿಗೆ ಛಲೋ ನಿದ್ದಿ ಬರತೈತಿ,” ಎಂದಳು.

ನಾನು ಬಟ್ಟಲು ಕೆಳಗಿಟ್ಟೆ. ಗಸಗಸೆ. ನಮ್ಮೂರಿನ ಕಿರಾಣಿ ಅಂಗಡಿಯಲ್ಲಿ ಜೀರಿಗೆಯ ಪಕ್ಕದಲ್ಲಿ ಇರುವ ವಸ್ತು. ಕೊಲ್ಲಿಯ ದೇಶಗಳಲ್ಲಿ ಅದೇ ಅಫೀಮಿನ ಬೀಜ, ಅಫೀಮಿನದೇ ಶಿಕ್ಷೆ. ಪಾಯಸಕ್ಕೆಂದು ಒಂದು ಪುಡಿಕೆ ತಂದವರು ವಿಮಾನ ನಿಲ್ದಾಣದಿಂದಲೇ ಜೈಲಿಗೆ ಹೋದ ಕಥೆ ನಮ್ಮ ಮಂದಿಯಲ್ಲಿ ಎಲ್ಲರಿಗೂ ಗೊತ್ತು. ಹೊಸದಾಗಿ ಬಂದವರಿಗೆ ಮೊದಲು ಹೇಳುವ ಬುದ್ಧಿಮಾತೇ ಅದು. ಸಾವಿತ್ರಕ್ಕನಿಗೆ ಯಾರೂ ಹೇಳಿರಲಿಲ್ಲ. ಅವಳ ಗಂಡ ಅದನ್ನು ಹೇಗೋ ಈ ದೇಶದೊಳಕ್ಕೆ ದಾಟಿಸಿದ್ದ, ತಾನು ಏನು ದಾಟಿಸಿದೆ ಎಂದು ತಿಳಿಯದೆ. ಈಗ ಅದು ಇನ್ನೊಂದು ಗಡಿಯ ಕಡೆ ಹೊರಟಿತ್ತು, ಹಮೀದಣ್ಣನ ಗಾಡಿಯಲ್ಲಿ.

ಅವನಿಗೆ ಫೋನು ಮಾಡಿದೆ. ರಿಂಗ್ ಹೋಗುತ್ತದೆ, ಎತ್ತುವುದಿಲ್ಲ. ಮತ್ತೆ ಮಾಡಿದೆ. ಬಾಲ್ಕನಿಗೆ ಹೋದೆ, ಒಳಗೆ ಬಂದೆ, ಮತ್ತೆ ಬಾಲ್ಕನಿಗೆ. ಸಾವಿತ್ರಕ್ಕ ವಿಷಯ ತಿಳಿದು ಗೋಡೆಗೆ ಒರಗಿ ಕೂತುಬಿಟ್ಟಳು. ಅಷ್ಟರಲ್ಲಿ ನಮ್ಮ ಮನೆಯವರು ಕೆಲಸದಿಂದ ಬಂದರು. ಎಲ್ಲ ಕೇಳಿ, ನನ್ನನ್ನು ಒಳಗೆ ಕರೆದು ಹೇಳಿದರು:

“ಸುಮ್ನಿರು ಗಿರಿಜಾ. ಆ ಮುದುಕನ ಗಾಡಿ ಯಾರು ಚೆಕ್ ಮಾಡ್ತಾರ? ಸುಮ್ಮ ದಾಟಿ ಹೋಗ್ತಾವ. ನೀ ಬಾಯಿ ಬಿಟ್ಟಿ ಅಂದ್ರ ನಿನ್ನ ನೌಕರಿನೂ ಹೋತು, ಕೆಳಗಿನವರದೂ ಹೋತು.”

“ಚೆಕ್ ಮಾಡಿದ್ರ ಒಳಗ ಹೋಗಾಂವ ಹಮೀದಣ್ಣ. ನಾವಲ್ಲ,” ಎಂದೆ.

ಅವರು ಹೇಳಿದ್ದು ಸುಳ್ಳೂ ಆಗಿರಲಿಲ್ಲ. ಸುಮ್ಮನಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಆದರೆ ಆ ಬಹುಶಃ ಎಂಬ ಶಬ್ದದ ಮೇಲೆ ಹಮೀದಣ್ಣನನ್ನು ಕೂರಿಸಿ ಗಡಿ ದಾಟಿಸಲು ನನ್ನಿಂದ ಆಗಲಿಲ್ಲ. ಅವನಿಗೆ ಊರಿನಲ್ಲಿ ಮುದಿ ತಾಯಿ, ಶಾಲೆಗೆ ಹೋಗುವ ಹೆಣ್ಣುಮಕ್ಕಳು. ನಾನು ಅಬು ನಾಸಿರ್ ಅವರಿಗೇ ಫೋನು ಮಾಡಿದೆ.

ಅವರು ಕೂಡಲೇ ಎತ್ತಿದರು. ಗಾಳಿ ಬದಲಾಯಿತೇ ಎಂದು ಕೇಳಿದರು, ಪಾಪ. ನಾನು ಹಿಂದಿಯಲ್ಲಿ ತಡವರಿಸುತ್ತ ಎಲ್ಲ ಹೇಳಿದೆ. ಅಡುಗೆಯ ಗಾಡಿಯಲ್ಲಿ ನನ್ನ ಗಂಟು ಇದೆ, ಅದರಲ್ಲಿ ಗಸಗಸೆ ಹಾಕಿದ ಉಂಡಿ ಇದೆ, ಹಮೀದನಿಗೆ ಏನೂ ಗೊತ್ತಿಲ್ಲ, ತಪ್ಪೆಲ್ಲ ನನ್ನದು. ಸಾವಿತ್ರಕ್ಕನ ಹೆಸರು ಎತ್ತಲಿಲ್ಲ. ಆ ಕಡೆಯಿಂದ ಒಂದೇ ಪ್ರಶ್ನೆ, ಯಾರಿಗೆ ಕಳಿಸಿದ್ದು ಎಂದು. ತಂಗಿಗೆ, ಏಳು ತಿಂಗಳ ಬಸುರಿ, ನಮ್ಮಲ್ಲಿ ಹೀಗೊಂದು ಪದ್ಧತಿ ಎಂದೆ. ಅವರು ಫೋನು ಇಟ್ಟರು.

ಆ ಕಾಯುವಿಕೆಯನ್ನು ಹೇಗೆ ಹೇಳಲಿ? ಚಹಾದ ಪಾತ್ರೆ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ. ಒಳಗೆ ಓದುತ್ತಿದ್ದ ನನ್ನ ಮಗಳು ಎದ್ದು ಬಂದು ವಾಟ್ ಹ್ಯಾಪಂಡ್ ಅಮ್ಮಾ ಎಂದಳು, ಅವಳ ಮೇಲೆ ರೇಗಿದೆ. ಕೊನೆಗೆ ಫೋನು ಬಡಿದುಕೊಂಡಿತು. ಹಮೀದಣ್ಣ.

“ಎಂತ ಮಾರಾಯ್ರೆ ಇದು ಅಕ್ಕ. ಸ್ವಲ್ಪ ಮುಂದೆ ಹೋಗಿದ್ರೆ ಗಡಿಯೇ ಸಿಗ್ತಿತ್ತು,” ಎಂದ.

ಗಾಡಿಗಳು ಖೈರಾನಿನ ಮನೆಯಿಂದ ಹೊರಟು ಗಡಿಯ ರಸ್ತೆ ಹಿಡಿದಿದ್ದವಂತೆ. ಅಬು ನಾಸಿರ್ ಎಲ್ಲವನ್ನೂ ತಿರುಗಿಸಿ ಮನೆಗೆ ಮರಳಿಸಿದರು. ಗಂಟನ್ನು ಅಂಗಳದಲ್ಲಿ ಬಿಚ್ಚಿಸಿದರು. ದಾರಿಯ ಕುಲುಕಾಟಕ್ಕೆ ಡಬ್ಬಿಯ ಮುಚ್ಚಳ ಸರಿದು, ಉಂಡಿ ಒಡೆದು, ಸಾಸಿವೆಗಿಂತ ಸಣ್ಣ ಆ ಕಾಳು ಸೀರೆಯ ಮಡಿಕೆಗೂ, ಬಳೆಯ ಹತ್ತಿಗೂ, ಅಕ್ಕಿಗೂ ಸೇರಿಕೊಂಡಿತ್ತು. ಉಂಡಿಯನ್ನೆಲ್ಲ ಕಡಲಿಗೆ ಹಾಕಿದರು. ಉಳಿದ ಗಂಟನ್ನು ಕಾವಲಿನವನ ಬಳಿ ಬಿಟ್ಟರು. ಡೇರೆಗೆಂದು ತುಂಬಿದ್ದ ನೀರಿನಲ್ಲಿ ಅಡುಗೆಯ ಗಾಡಿಯನ್ನು ಒಳಗೂ ಹೊರಗೂ ತೊಳೆಸಿದರು. ಅಬು ನಾಸಿರ್ ತಾವೇ ಟಾರ್ಚು ಹಿಡಿದು ಮಂಡಿಯೂರಿ ಸಂದಿಗೊಂದಿ ಹುಡುಕಿದರಂತೆ. ಇನ್ನು ಸ್ವಲ್ಪ ಹೊತ್ತಿಗೆ ಎಲ್ಲರೂ ಮತ್ತೆ ಗಡಿಗೆ ಹೊರಡುತ್ತಾರಂತೆ. ಆಮೇಲೆ ಹಮೀದಣ್ಣ ಫೋನನ್ನು ಅವರ ಕೈಗೆ ಕೊಟ್ಟ.

“ಬೇಟೀ, ಖಲಾಸ್. ಶಿಕಾರಿಯ ಕೆಲಸ ಇನ್ನು ನಿನ್ನದಲ್ಲ,” ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಮಾತನ್ನು ಅವರು ನಡೆಸಿದರು. ನನ್ನ ನೌಕರಿ ಉಳಿಯಿತು, ಹಮೀದಣ್ಣನದೂ ಉಳಿಯಿತು. ಆದರೆ ಭಾನುವಾರ ಬೇಟೆಯ ಕಪಾಟಿನ ಬೀಗದ ಕೈ ಆಫೀಸಿನ ಗುಮಾಸ್ತನೊಬ್ಬನ ಮೇಜಿಗೆ ಹೋಯಿತು. ಆತ ಹೊಂದಿಸಿದ ಮೊದಲ ಪ್ರಯಾಣದಲ್ಲೇ ಗಿಡುಗಗಳ ಪಾಸ್‌ಪೋರ್ಟ್ ಮರೆತು ಎಲ್ಲರೂ ಗಡಿಯಿಂದ ವಾಪಸು ಬಂದರು. ನಾನು ಬಾಯಿ ಮುಚ್ಚಿಕೊಂಡು ಬ್ರೇಕ್ ಪ್ಯಾಡುಗಳ ಬಿಲ್ಲು ಟೈಪು ಮಾಡುತ್ತಿದ್ದೆ. ಒಳಗೊಳಗೇ ಸ್ವಲ್ಪ ಖುಷಿಯಾಯಿತು ಎಂದು ಹೇಳಿದರೆ ತಪ್ಪೇನಿಲ್ಲ. ಉಳಿದ ಚಳಿಗಾಲ ನನಗೆ ಮುಳ್ಳಿನ ಮೇಲೆ ಕೂತ ಹಾಗಿತ್ತು. ಗುರುವಾರ ಬಂದರೆ ಗಾಳಿ ಯಾವ ಕಡೆಯದು ಎಂದು ನನಗೇ ತಿಳಿಯದೆ ನೋಡುತ್ತಿದ್ದೆ, ಯಾರಿಗೂ ಬೇಡವಾದರೂ.

ಆದರೆ ಆ ಗುರುವಾರದ ಸಂಜೆಗೆ ತಿರುಗಬೇಕು. ಅಬು ನಾಸಿರ್ ಫೋನು ಇಟ್ಟ ಮೇಲೆ ಸುಧಾಳಿಗೆ ಹೇಳುವುದು ಬಾಕಿ ಇತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದನ್ನು ತಂಗಿಗೆ ಯಾವ ಬಾಯಿಂದ ಹೇಳುವುದು? ಹೇಳಿದೆ. ಬರಬೇಡ, ಸುಮ್ಮನೆ ಅಷ್ಟು ದೂರ ಕಾರಿನಲ್ಲಿ ಕುಲುಕಾಡಬೇಡ ಎಂದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ.

“ಬರೂದು ಬರ್ತೀವಿ ಅಕ್ಕಾ. ಬರಿಗೈಲೇ ಬಂದ್ರೂ ಹಮೀದಣ್ಣ ನಿನ್ನ ಕಡಿಂದ ಬಂದಾಂವ ಅಲ್ಲೇನು?” ಎಂದಳು.

ಶುಕ್ರವಾರ ನನಗೆ ಅನ್ನ ಸೇರಲಿಲ್ಲ. ಮಧ್ಯಾಹ್ನ ಕಳೆದು, ಬಿಸಿಲು ಎದುರಿನ ಕಟ್ಟಡದ ನೀರಿನ ಟಾಕಿಗಳ ಮೇಲೆ ಹಳದಿಯಾಗುವ ಹೊತ್ತಿಗೆ ಸುಧಾಳ ಫೋನು ಬಂತು. ಮನೆ ಮುಟ್ಟಿದ್ದಳು. ದನಿ ಬೇರೆಯಾಗಿತ್ತು. ಅವಳು ಹೇಳಿದ್ದನ್ನು ನಾನು ನಿಂತೇ ಕೇಳಿದೆ.

ಹಮೀದಣ್ಣ ಅವರಿಗಿಂತ ಮೊದಲೇ ಸಂತೆ ತಲುಪಿದ್ದನಂತೆ. ಬರಿಗೈಯಲ್ಲಿ ನಿಲ್ಲಲಾಗದೆ, ಹಸಿರು ಬಟ್ಟೆ ಬೇಕು ಎಂದು ಅಂಗಡಿ ಅಂಗಡಿ ತಿರುಗಿ ಒಂದು ತುಂಡು ತಂದಿದ್ದ. ಅಕ್ಕಿಯನ್ನೂ ಖರ್ಜೂರವನ್ನೂ ಕೊಂಡಿದ್ದ. ಸುಧಾ ಕಾರಿನಿಂದ ಇಳಿದಾಗ ಎಲ್ಲವನ್ನೂ ಕೈಯಲ್ಲಿ ಹಿಡಿದು ನಿಂತವನು ಮುಂದೇನು ಮಾಡಬೇಕೆಂದು ತಿಳಿಯದೆ ಬೆವೆತುಹೋದ. ನಾನು ಗಂಡಸು, ನಿಮ್ಮದರಲ್ಲಿ ಇದನ್ನು ಹೆಂಗಸರೇ ಹಾಕುವುದಲ್ಲವಾ ಎಂದ. ಪಕ್ಕದಲ್ಲಿ ತುಪ್ಪ, ಉಣ್ಣೆ ಮಾರಲು ಕೂತಿದ್ದ ಮರಳುಗಾಡಿನ ಬದೂ ಬುಡಕಟ್ಟಿನ ಹೆಂಗಸೊಬ್ಬಳು, ಮುಖಕ್ಕೆ ಮುಸುಕು ಹಾಕಿದ ವಯಸ್ಸಾದವಳು, ಇವರನ್ನು ನೋಡುತ್ತಲೇ ಇದ್ದಳಂತೆ. ಏನು ವಿಷಯ ಎಂದು ಹಮೀದಣ್ಣನನ್ನು ಅರಬಿಯಲ್ಲಿ ಕೇಳಿದಳು. ಅವನು ತನಗೆ ತಿಳಿದಷ್ಟು ಹೇಳಿದ. ಅವಳು ಎದ್ದಳು. ಡಬ್ಬಿಯ ನೀರಿನಲ್ಲಿ ಕೈ ತೊಳೆದುಕೊಂಡಳು. ಸುಧಾ ಮೈಮೇಲೆ ಹಾಕಿದ್ದ ಕಪ್ಪು ನಿಲುವಂಗಿ ಅಬಾಯಾದ ಅಂಚನ್ನೇ ಸೆರಗಿನಂತೆ ಒಡ್ಡಿದಳು. ಆ ಹೆಂಗಸು ಅಕ್ಕಿ, ಖರ್ಜೂರ ಬೊಗಸೆಯಲ್ಲಿ ತೆಗೆದು ಉಡಿಗೆ ಹಾಕಿದಳು. ಐದು ಬೊಗಸೆ ಸಾಕು ಎಂದರೂ ಕೇಳದೆ, ಮಾಶಾ ಅಲ್ಲಾ ಎನ್ನುತ್ತ, ಇದ್ದದ್ದು ಮುಗಿಯುವ ತನಕ ಹಾಕಿದಳು. ಕೊನೆಗೆ ತನ್ನ ಒಂದು ಡಬ್ಬಿ ತುಪ್ಪವನ್ನೂ ಮೇಲಿಟ್ಟಳು.

“ಉಡಿ ಭಾರ ಆಗಿ ಕೈ ನೋಯ್ತು ಅಕ್ಕಾ,” ಎಂದಳು ಸುಧಾ. ಆಗ ಅಳು ಬಂತು ಅವಳಿಗೆ. ನನಗೂ.

ಆಮೇಲೆ ಅವಳು ಮೂಗು ಒರೆಸಿಕೊಂಡು ಹೇಳಿದಳು.

“ಆಕಿ ನನ್ನ ಹೊಟ್ಟಿ ಮ್ಯಾಲೆ ಕೈ ಇಟ್ಟು, ನಿನಗ ತಾಯಿ ಇಲ್ಲೇನು ಅಂತ ಹಮೀದಣ್ಣನ ಕಡಿಂದ ಕೇಳಿಸಿದ್ಳು. ಇಲ್ಲ ಅಂದೆ. ಅಕ್ಕ ತಂಗಿ? ಅಕ್ಕ ಅದಾಳ, ಕುವೈತಿನ್ಯಾಗ ಅಂತ ಆ ಕಡೆ ಕೈ ಮಾಡಿ ತೋರಿಸಿದೆ. ಆಕಿ ತಿರುಗಿ ನೋಡಿದ್ಳು. ಅಯ್ಯ, ಇಲ್ಲೇ ಅಲ್ಲ, ನಿನ್ನ ಅಕ್ಕ ಯಾಕ ಬರಲಿಲ್ಲ ಅಂದ್ಳು. ಅದಕ್ಕ ಏನ್ ಹೇಳಬೇಕಿತ್ತು ಅಕ್ಕಾ?”

ನಾನು ಫೋನು ಕಿವಿಗೆ ಹಿಡಿದುಕೊಂಡೇ ಬಾಲ್ಕನಿಗೆ ಹೋಗಿ, ಜುಬೈಲಿನ ದಿಕ್ಕಿಗೆ ತಿರುಗಿ ನಿಂತೆ.